ಫುಲ್ ಕಾಂಟ್ಯಾಕ್ಟ್ ಆಡುವ ಮಕ್ಕಳ ಸುರಕ್ಷತೆ: ಸೇರಿಸುವ ಮೊದಲು, ಪಂದ್ಯದ ದಿನ, ಪೆಟ್ಟಾದ ಮೇಲೆ

“ಮಗನಿಗೆ ಬಾಕ್ಸಿಂಗ್ ಹುಚ್ಚು ಹಿಡಿದಿದೆ, ಸೇರಿಸಬಹುದಾ?” “ಮಗಳನ್ನು ಮೊದಲ ಪಂದ್ಯಕ್ಕೆ ಇಳಿಸೋಣ ಅಂತ ಕೋಚ್ ಹೇಳ್ತಿದ್ದಾರೆ, ನಾವು ಏನೇನು ನೋಡ್ಕೋಬೇಕು?” ಓದುಗರಿಂದ ಈ ಎರಡು ಪ್ರಶ್ನೆ ಪದೇ ಪದೇ ಬರುತ್ತಿವೆ. ಒಂದೆರಡು ಸಾಲಿನಲ್ಲಿ ಉತ್ತರಿಸುವ ವಿಷಯ ಇದಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆದಿದ್ದೇನೆ.

ಫುಲ್ ಕಾಂಟ್ಯಾಕ್ಟ್ ಅಂದರೆ ಎದುರಾಳಿಗೆ ಬಲ ಹಾಕಿ ಹೊಡೆಯಲು ನಿಯಮವೇ ಒಪ್ಪುವ ಆಟ. ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಮುವಾಯ್ ಥಾಯ್ (ಥಾಯ್ಲೆಂಡ್‌ನ ಬಾಕ್ಸಿಂಗ್), ಟೇಕ್ವಾಂಡೋ, ಕ್ಯೋಕುಶಿನ್ ಕರಾಟೆ, ಎಂಎಂಎ (ಹೊಡೆತ, ಕುಸ್ತಿ ಎರಡೂ ಸೇರಿದ ಮಿಶ್ರ ಕಾದಾಟ) ಎಲ್ಲವೂ ಈ ಗುಂಪಿನವು. ನಿಯಮಗಳು ಬೇರೆ ಬೇರೆ. ಮಕ್ಕಳ ಮೈ, ತಲೆ ಮಾತ್ರ ಎಲ್ಲ ಕಡೆ ಒಂದೇ.

ಅಪ್ಪ ಅಮ್ಮ ಹೆದರುವುದು ಪಂದ್ಯದ ದಿನಕ್ಕೆ. ಆದರೆ ತಲೆಗೆ ಬೀಳುವ ಪೆಟ್ಟುಗಳಲ್ಲಿ ಬಹುಪಾಲು ಬೀಳುವುದು ರೆಫರಿಯೂ ಡಾಕ್ಟರೂ ಇಲ್ಲದ ಮಾಮೂಲಿ ಪ್ರಾಕ್ಟೀಸ್ ಸಂಜೆಗಳಲ್ಲಿ. ಅದೂ ಅಲ್ಲದೆ, ಮಕ್ಕಳು ತಾವಾಗಿ ‘ಸಾಕು’ ಅನ್ನುವುದು ಕಡಿಮೆ. ಕೋಚ್ ಬೇಜಾರಾಗ್ತಾರೆ, ಜೊತೆಯವರು ನಗ್ತಾರೆ, ಅಪ್ಪ ಇನ್ನು ಕಳಿಸಲ್ಲ ಅಂತ ಯೋಚಿಸಿ ಸುಮ್ನೆ ಇದ್ದುಬಿಡುತ್ತಾರೆ. ಅದಕ್ಕೇ ಯಾವಾಗ ನಿಲ್ಲಿಸಬೇಕು, ಯಾರು ನಿಲ್ಲಿಸಬೇಕು ಅನ್ನುವುದು ಗ್ಲೋವ್ಸ್ ಕಟ್ಟುವ ಮೊದಲೇ ದೊಡ್ಡವರ ನಡುವೆ ತೀರ್ಮಾನ ಆಗಿರಬೇಕು. ಕೆಳಗಿನ ಪ್ರತಿ ಹಂತದಲ್ಲೂ ನೀವು ಮಾಡುವುದು ಅದೇ ಕೆಲಸ.

1. ತಲೆಗೆ ಹೊಡೆತ ಬೇಕಾ, ಮೊದಲು ಅದನ್ನು ತೀರ್ಮಾನಿಸಿ

ಯಾವ ಆಟ, ಯಾವ ಜಿಮ್ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಇದು: ಈ ವಯಸ್ಸಿನಲ್ಲಿ ತಲೆಗೆ ಹೊಡೆಯಬಹುದಾ? ಅಮೆರಿಕದ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು 2011ರಲ್ಲಿ ಜಂಟಿಯಾಗಿ ಒಂದು ನಿಲುವು ಪ್ರಕಟಿಸಿದವು. ಮಕ್ಕಳು ಮತ್ತು ಹದಿಹರೆಯದವರು ಬಾಕ್ಸಿಂಗ್ ಆಡುವುದನ್ನೇ ಅವು ವಿರೋಧಿಸುತ್ತವೆ. ತಲೆಗೆ ಹೊಡೆದರೆ ಅಂಕ ಸಿಗುವ ಆಟ ಮಕ್ಕಳಿಗೆ ಬೇಡ ಅನ್ನುವುದು ಅವರ ವಾದ. ಈ ಮಾತು ಗೊತ್ತಿದ್ದೇ ನೀವು ಮುಂದುವರಿಯಬೇಕು. ‘ನಮ್ಮ ಆಟದಲ್ಲಿ ಏನೂ ಆಗಲ್ಲ’ ಅನ್ನುವ ಕೋಚ್ ಮಾತನ್ನು ಪೂರ್ತಿ ನಂಬಬೇಡಿ.

2018ರ ನವೆಂಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ 13 ವರ್ಷದ ಹುಡುಗನೊಬ್ಬ ಮುವಾಯ್ ಥಾಯ್ ಪಂದ್ಯದಲ್ಲಿ ನಾಕೌಟ್ ಆಗಿ, ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡ. ತಲೆಗೆ ಹೆಡ್‌ಗಾರ್ಡ್ ಇರಲಿಲ್ಲ. ಎಂಟನೇ ವಯಸ್ಸಿನಿಂದ ಆಡುತ್ತಿದ್ದ ಅವನು ಅಷ್ಟರಲ್ಲಿ 170ರಷ್ಟು ಪಂದ್ಯ ಆಡಿದ್ದ ಅಂತ ಆಗ ವರದಿಯಾಗಿತ್ತು. ಆ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಒಂದು ಪಂದ್ಯದ ಹಿಂದೆ ಎಷ್ಟು ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟ, ನಡೆದಿರಬಹುದು ಅಂತ ಲೆಕ್ಕ ಹಾಕಿ.

ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತಿನ ಸ್ನಾಯು ಇನ್ನೂ ಬಲಿತಿರುವುದಿಲ್ಲ. ಅದೇ ಪೆಟ್ಟಿಗೆ ತಲೆ ಜಾಸ್ತಿ ಅಲುಗುತ್ತದೆ. ತಲೆಬುರುಡೆಯೊಳಗೆ ಮೆದುಳು ಅಲುಗುವುದೇ ಅಪಾಯ, ಹೊರಗೆ ಗಾಯ ಕಾಣಲೇಬೇಕೆಂದಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. 12–13 ವರ್ಷದ ಒಳಗಿನವರಿಗೆ ತಲೆಗೆ ಹೊಡೆತ ಬೇಡವೇ ಬೇಡ. ಆ ವಯಸ್ಸಿನಲ್ಲಿ ಕಲಿಯುವುದು ರಾಶಿ ಇದೆ: ಕಾಲಿನ ಚಲನೆ, ಗಾರ್ಡ್ (ಮುಖ ಕಾಯಲು ಕೈ ಎತ್ತಿ ಹಿಡಿಯುವುದು), ದೂರದ ಅಂದಾಜು, ಪ್ಯಾಡ್ ಕೆಲಸ (ಕೋಚ್ ಹಿಡಿದ ಮೆತ್ತೆಗೆ ಹೊಡೆಯುವುದು), ಮೈಗೆ ಮಾತ್ರ ಹೊಡೆಯುವ ಬಾಡಿ ಸ್ಪಾರಿಂಗ್. ಹೀಗೆ ನಾಲ್ಕು ವರ್ಷ ಕಲಿತ ಮಗು ಮುಂದೆ ತಲೆಗೆ ಹೊಡೆಯುವ ಹಂತಕ್ಕೆ ಬಂದಾಗ ಪೆಟ್ಟು ತಿನ್ನುವುದಕ್ಕಿಂತ ತಪ್ಪಿಸಿಕೊಳ್ಳುವುದೇ ಜಾಸ್ತಿ. ಕ್ಯೋಕುಶಿನ್ ಕರಾಟೆಯಲ್ಲಿ ದೊಡ್ಡವರಿಗೂ ಮುಖಕ್ಕೆ ಕೈಯಿಂದ ಗುದ್ದುವಂತಿಲ್ಲ, ಆದರೂ ಆ ಆಟದ ಗಟ್ಟಿತನ ಕಡಿಮೆಯಾಗಿಲ್ಲ. ಅಲ್ಲೂ ತಲೆಗೆ ಕಿಕ್ ಇದೆ ಅನ್ನುವುದು ನೆನಪಿರಲಿ. ‘ಕೈಯಿಂದ ಹೊಡೆಯಲ್ಲ’ ಅಂದ ಮಾತ್ರಕ್ಕೆ ತಲೆ ಸುರಕ್ಷಿತ ಅಂದುಕೊಳ್ಳಬೇಡಿ.

2. ಜಿಮ್‌ಗೆ ಹೋಗಿ ಒಂದು ಸಂಜೆ ಸುಮ್ಮನೆ ಕೂತು ನೋಡಿ

ಫೀಸ್, ಟೈಮಿಂಗ್, ಗೋಡೆಯ ಮೇಲಿನ ಮೆಡಲ್ ನೋಡಿ ಸೇರಿಸಬೇಡಿ. ಸ್ಪಾರಿಂಗ್ ಯಾವ ದಿನ ಇದೆ ಅಂತ ಕೇಳಿಕೊಂಡು ಆ ದಿನ ಹೋಗಿ. ಕೂತು ನೋಡಲು ಬಿಡುವುದಿಲ್ಲ ಅಂದರೆ ಅಲ್ಲಿಗೇ ಮಾತು ಮುಗಿಯಿತು, ಬೇರೆ ಜಿಮ್ ಹುಡುಕಿ.

ನೋಡುವಾಗ ಕಣ್ಣು ಹೊಡೆಯುವ ಮಗುವಿನ ಮೇಲೆ ಇಡಬೇಡಿ, ಹೊಡೆಸಿಕೊಳ್ಳುವ ಮಗುವಿನ ಮೇಲಿಡಿ. ಒಂದು ಗಟ್ಟಿ ಪಂಚ್ ಮುಖಕ್ಕೆ ಬಿತ್ತು ಅಂತಿಟ್ಟುಕೊಳ್ಳಿ. ಮಗು ಒಂದು ಕ್ಷಣ ಕಣ್ಣು ಪಿಳುಕಿಸಿ ನಿಂತಿತು, ಕೈ ಸ್ವಲ್ಪ ಕೆಳಗಿಳಿಯಿತು. ಆಗ ಕೋಚ್ ಏನು ಮಾಡುತ್ತಾರೆ? ಒಳ್ಳೆಯ ಕೋಚ್ ಅಷ್ಟರಲ್ಲಿ ‘ನಿಲ್ಲಿ’ ಅಂದಿರುತ್ತಾರೆ, ಹತ್ತಿರ ಹೋಗಿ ಕಣ್ಣು ನೋಡಿ ಮಾತಾಡಿಸುತ್ತಾರೆ, ಹೊಡೆದವನಿಗೂ ‘ಇಷ್ಟು ಜೋರು ಬೇಡ’ ಅನ್ನುತ್ತಾರೆ. ಇನ್ನೊಂದು ಥರದ ಕೋಚ್ ‘ಕೈ ಮೇಲೆ, ಕೈ ಮೇಲೆ!’ ಅಂತ ಕೂಗುತ್ತಾ ಇರುತ್ತಾರೆ. ಮೂರನೇ ಥರದವರು ಫೋನ್ ನೋಡುತ್ತಿರುತ್ತಾರೆ. ಈ ಒಂದು ಕ್ಷಣ ನಿಮಗೆ ಬೇಕಾದ್ದನ್ನೆಲ್ಲ ಹೇಳುತ್ತದೆ.

ಆಮೇಲೆ ಕೋಚ್ ಹತ್ತಿರ ಕೇಳಿ: ಮಕ್ಕಳಿಗೆ ವಾರಕ್ಕೆ ಎಷ್ಟು ಸ್ಪಾರಿಂಗ್? ಜೋಡಿ ಹೇಗೆ ಮಾಡ್ತೀರಿ? ಪ್ರಥಮ ಚಿಕಿತ್ಸೆ ಕಲಿತವರು ಇಲ್ಲಿ ಯಾರು? ಕಳೆದ ವರ್ಷ ಯಾರಿಗಾದರೂ ತಲೆಪೆಟ್ಟಾಗಿತ್ತಾ, ಏನು ಮಾಡಿದಿರಿ? ಕೊನೆಯ ಪ್ರಶ್ನೆಗೆ ‘ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ’ ಅನ್ನುವ ಉತ್ತರ ಬಂದರೆ ಎಚ್ಚರ. ಫುಲ್ ಕಾಂಟ್ಯಾಕ್ಟ್ ಜಿಮ್‌ನಲ್ಲಿ ಅದು ಗಮನಿಸದೇ ಇರುವುದರ ಲಕ್ಷಣ.

ಪೆಟ್ಟಿನ ಸುರಕ್ಷತೆಯಷ್ಟೇ ಮುಖ್ಯವಾದ ಇನ್ನೊಂದು ಸುರಕ್ಷತೆ ಇದೆ. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ದೊಡ್ಡವರು, ಒಂದೇ ಮಗು ಇರಬಾರದು. ತೂಕ ನೋಡುವಾಗ, ಮಸಾಜ್ ಮಾಡುವಾಗ, ಬಟ್ಟೆ ಬದಲಿಸುವಾಗ, ಊರು ಬಿಟ್ಟು ಪಂದ್ಯಕ್ಕೆ ಹೋದಾಗ ಉಳಿಯುವ ಕಡೆ, ಎಲ್ಲೆಲ್ಲೂ ಇದೇ ನಿಯಮ. ಕೋಚ್ ಮಗುವಿಗೆ ಕಳಿಸುವ ಮೆಸೇಜ್‌ಗಳು ಅಪ್ಪ ಅಮ್ಮನೂ ಇರುವ ಗುಂಪಿಗೇ ಬರಬೇಕು. ‘ಇದನ್ನ ಮನೇಲಿ ಹೇಳಬೇಡ’ ಅನ್ನುವ ಮಾತು ಯಾವ ಕಾರಣಕ್ಕೇ ಬರಲಿ, ಮಗುವನ್ನು ಅಲ್ಲಿಂದ ಬಿಡಿಸಿ. ಬೈಯುವುದು, ಶಿಕ್ಷೆ ಅಂತ ಬಲಶಾಲಿ ಹುಡುಗನ ಎದುರು ನಿಲ್ಲಿಸಿ ಹೊಡೆಸುವುದು ಶಿಸ್ತಲ್ಲ, ಹಿಂಸೆ.

3. ಡಾಕ್ಟರ್ ಹತ್ತಿರ ಪೂರ್ತಿ ತಪಾಸಣೆ ಮಾಡಿಸಿ

ಬರೀ ಸಹಿ ಹಾಕಿಸಿಕೊಂಡು ಬರುವ ಸರ್ಟಿಫಿಕೇಟ್ ಸಾಕಾಗಲ್ಲ. ಯಾವ ಆಟ, ತಲೆಗೆ ಹೊಡೆತ ಇದೆಯಾ ಅನ್ನುವುದನ್ನು ಡಾಕ್ಟರ್‌ಗೆ ಬಿಡಿಸಿ ಹೇಳಿ. ಮುಚ್ಚಿಡದೆ ಹೇಳಬೇಕಾದ್ದು ಇವು: ಹಿಂದೆ ತಲೆಗೆ ಪೆಟ್ಟಾಗಿದೆಯಾ, ಫಿಟ್ಸ್ ಬಂದಿದೆಯಾ, ರಕ್ತ ಬೇಗ ಹೆಪ್ಪುಗಟ್ಟದ ತೊಂದರೆ ಇದೆಯಾ, ಅಸ್ತಮಾ ಇದೆಯಾ, ಒಂದೇ ಕಿಡ್ನಿ ಇದೆಯಾ, ಕಣ್ಣಿನ ಮೈನಸ್ ಪವರ್ ತುಂಬ ಇದೆಯಾ. ಓಡುವಾಗ ತಲೆ ಸುತ್ತಿ ಬಿದ್ದಿದ್ದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ ಹೃದಯದ ಪರೀಕ್ಷೆ ಬೇಕೇ ಬೇಕು.

ಮಗು ಆರೋಗ್ಯವಾಗಿರುವಾಗಲೇ ನೆನಪು, ಸಮತೋಲ, ಗಮನ ಹೇಗಿದೆ ಅಂತ ಬರೆದಿಟ್ಟುಕೊಂಡರೆ ಮುಂದೆ ತಲೆಪೆಟ್ಟಾದಾಗ ಹೋಲಿಸಿ ನೋಡಲು ಅನುಕೂಲ. ಇದಕ್ಕೆ ಡಾಕ್ಟರ್‌ಗಳು ಬಳಸುವ ಪರೀಕ್ಷೆಯ ಹೆಸರು ಸ್ಕ್ಯಾಟ್6. ಅದು 13 ವರ್ಷ ಮತ್ತು ಮೇಲಿನವರಿಗೆ. 8ರಿಂದ 12 ವರ್ಷದವರಿಗೆ ಚೈಲ್ಡ್ ಸ್ಕ್ಯಾಟ್6 ಅಂತ ಬೇರೆಯೇ ಇದೆ.

4. ಗೇರ್: ಅಳತೆ ಸರಿ ಇದ್ದರೆ ಮಾತ್ರ ಉಪಯೋಗ

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಹೆಡ್‌ಗಾರ್ಡ್ ಬಗ್ಗೆ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು, ಕಿವಿಗೆ ಏಟಾಗುವುದನ್ನು, ತಲೆಗೆ ತಲೆ ಬಡಿದಾಗಿನ ಗಾಯವನ್ನು ಕಡಿಮೆ ಮಾಡುತ್ತದೆ. ಕನ್ಕಶನ್ ತಡೆಯುತ್ತದೆ ಅಂತ ನಂಬಲು ಆಧಾರವಿಲ್ಲ. ಕನ್ಕಶನ್ ಅಂದರೆ ಪೆಟ್ಟಿನಿಂದ ಮೆದುಳು ಅಲುಗಿ ಸ್ವಲ್ಪ ಕಾಲ ಅದರ ಕೆಲಸ ಏರುಪೇರಾಗುವುದು. ಹಾಗಂತ ಮಕ್ಕಳ ತಲೆಯಿಂದ ಅದನ್ನು ತೆಗೆಯಬೇಡಿ. ‘ಹೆಡ್‌ಗಾರ್ಡ್ ಇದೆಯಲ್ಲ, ಜೋರಾಗಿ ಹೊಡಿ’ ಅನ್ನುವುದನ್ನು ಮಾತ್ರ ನಿಲ್ಲಿಸಿ.

ಬೆಳೆಯುವ ಮಗು ಅಂತ ಒಂದು ಸೈಜ್ ದೊಡ್ಡದು ತರುವುದು ಬಟ್ಟೆಗೆ ಸರಿ, ಇಲ್ಲಿ ಬೇಡ. ಹಾಕಿಸಿ ಗಲ್ಲದ ಪಟ್ಟಿ ಬಿಗಿಸಿ. ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ. ಹಣೆಯ ಚರ್ಮವೂ ಅದರ ಜೊತೆ ಸರಿಯಬೇಕು. ಹೆಡ್‌ಗಾರ್ಡ್ ಒಂದೇ ಜಾರಿದರೆ ಅದು ದೊಡ್ಡದು. ಬೆವರು ಬಂದ ಮೇಲೆ ಇನ್ನೊಮ್ಮೆ ನೋಡಿ. ಒದ್ದೆ ಕೂದಲಿನ ಮೇಲೆ ಅದು ಸರಿದು ಒಂದು ಕಣ್ಣು ಮುಚ್ಚಿತು ಅಂದರೆ ಆ ಕಡೆಯಿಂದ ಬರುವ ಹುಕ್ (ಪಕ್ಕದಿಂದ ಬೀಸುವ ಪಂಚ್) ಮಗುವಿಗೆ ಕಾಣುವುದೇ ಇಲ್ಲ. ಕಾಣದೆ ಬಿದ್ದ ಪೆಟ್ಟಿಗೆ ಕತ್ತು ಬಿಗಿಯಾಗಿರುವುದಿಲ್ಲ, ತಲೆ ಇನ್ನೂ ಜೋರಾಗಿ ಅಲುಗುತ್ತದೆ.

ಮೌತ್‌ಗಾರ್ಡ್ ಹಲ್ಲು, ತುಟಿ, ದವಡೆಗೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ತೆಗೆಯುವ ಬಗೆ ಸಾಕು, ದಂತವೈದ್ಯರಿಂದ ಮಾಡಿಸಿದ್ದಾದರೆ ಇನ್ನೂ ಒಳ್ಳೆಯದು. ಬಾಯಿ ತೆರೆದಾಗ ಕೆಳಗೆ ಬೀಳಬಾರದು. ಹಾಲುಹಲ್ಲು ಉದುರುವ ವಯಸ್ಸಿನಲ್ಲಿ ಕೆಲವೇ ತಿಂಗಳಿಗೆ ಸಡಿಲವಾಗುತ್ತದೆ, ಆಗಾಗ ನೋಡುತ್ತಿರಿ. ಹಲ್ಲಿಗೆ ಕ್ಲಿಪ್ ಹಾಕಿದ ಮಕ್ಕಳಿಗೆ ಅದಕ್ಕೆಂದೇ ಬೇರೆ ಮೌತ್‌ಗಾರ್ಡ್ ಸಿಗುತ್ತದೆ.

ಗ್ಲೋವ್ಸ್ ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ, ಒಂದು ಔನ್ಸ್ ಸುಮಾರು 28 ಗ್ರಾಂ. ಸ್ಪಾರಿಂಗ್‌ಗೆ ಬ್ಯಾಗ್ ಗ್ಲೋವ್ಸ್ (ತೂಗುಚೀಲಕ್ಕೆ ಹೊಡೆಯಲು ಇರುವವು) ಬಳಸಬಾರದು. ಮುಷ್ಟಿಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗಿನ ಗೆಣ್ಣು ಕೈಗೆ ತಗುಲಿದರೆ ಪ್ಯಾಡಿಂಗ್ ಸತ್ತಿದೆ. ಅಂಥ ಗ್ಲೋವ್ಸ್‌ನಿಂದ ಅಪಾಯ ನಿಮ್ಮ ಮಗುವಿಗಲ್ಲ, ಎದುರಿಗೆ ನಿಂತ ಮಗುವಿಗೆ. ಒಳಗೆ ಹ್ಯಾಂಡ್ ರ‍್ಯಾಪ್ ಪಟ್ಟಿ ಸುತ್ತಿರಲೇಬೇಕು. ಗ್ರೋಯಿನ್ ಗಾರ್ಡ್ (ತೊಡೆಸಂದಿಗೆ), ಶಿನ್ ಗಾರ್ಡ್ (ಮೊಣಕಾಲಿನ ಕೆಳಗಿನ ಎಲುಬಿಗೆ), ಹುಡುಗಿಯರಿಗೆ ಚೆಸ್ಟ್ ಗಾರ್ಡ್ ಆಯಾ ಆಟದ ನಿಯಮದ ಪ್ರಕಾರ ಇರಲಿ.

5. ಸ್ಪಾರಿಂಗ್‌ಗೆ ಲಗಾಮು ಹಾಕಿ

ಸುರಕ್ಷತೆ ಗೆಲ್ಲುವುದೂ ಸೋಲುವುದೂ ಈ ಹಂತದಲ್ಲೇ. ಪಂದ್ಯ ವರ್ಷಕ್ಕೆ ಕೆಲವೇ ಕೆಲವು, ಸ್ಪಾರಿಂಗ್ ವಾರ ವಾರ ನಡೆಯುತ್ತದೆ.

ಮಕ್ಕಳ ಸ್ಪಾರಿಂಗ್‌ನಲ್ಲಿ ಮೂರು ಬಗೆ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ಮೊದಲನೆಯದು ಟಚ್ ಸ್ಪಾರಿಂಗ್, ಮುಟ್ಟಿ ಬಿಡುವುದಷ್ಟೇ. ಎರಡನೆಯದು ಬಾಡಿ ಸ್ಪಾರಿಂಗ್, ಮೈಗೆ ಸ್ವಲ್ಪ ಬಲ, ತಲೆಗೆ ಏನೂ ಇಲ್ಲ. ಮೂರನೆಯದು ಷರತ್ತಿನ ಸ್ಪಾರಿಂಗ್: ಒಬ್ಬರು ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಮಾತ್ರ, ಇನ್ನೊಬ್ಬರು ತಪ್ಪಿಸಿಕೊಳ್ಳುವುದು ಮಾತ್ರ, ಹೀಗೆ. ವಾರದ ಸ್ಪಾರಿಂಗ್ ಎಲ್ಲ ಇವುಗಳಲ್ಲೇ ಮುಗಿಯಲಿ. ತಲೆಗೂ ಬಲ ಹಾಕಿ ಹೊಡೆಯುವ ಸ್ಪಾರಿಂಗ್ ವಯಸ್ಸು ತುಂಬಿದ, ಪಂದ್ಯಕ್ಕೆ ತಯಾರಾಗುತ್ತಿರುವವರಿಗೆ ಮಾತ್ರ, ಅದೂ ಅಪರೂಪಕ್ಕೆ, ಕೋಚ್ ರಿಂಗ್ ಪಕ್ಕದಲ್ಲೇ ನಿಂತಿರುವಾಗ ಮಾತ್ರ. ಪಂದ್ಯಕ್ಕೆ ಮುಂಚಿನ ಕೊನೆಯ ವಾರ ಅದೂ ಬೇಡ.

ಒಂದು ಕೋಚ್‌ಗೆ ಒಂದೇ ಜೋಡಿ ಕಣ್ಣು. ಒಂದೇ ಸಲ ಐದಾರು ಜೋಡಿ ಸ್ಪಾರ್ ಮಾಡುತ್ತಿದ್ದರೆ ಅವರು ಯಾರನ್ನೂ ನೋಡುತ್ತಿಲ್ಲ. ತಲೆಗೆ ಹೊಡೆತ ಇರುವಾಗ ಒಂದು ಸಲಕ್ಕೆ ಒಂದೇ ಜೋಡಿ, ಉಳಿದವರು ಬ್ಯಾಗ್‌ಗೆ ಅಥವಾ ಸ್ಕಿಪ್ಪಿಂಗ್‌ಗೆ.

ಮಾಮೂಲಿಯಾಗಿ ಎಡವುವುದು ಎಲ್ಲಿ ಅಂದರೆ: ಪಾರ್ಟ್‌ನರ್ ಸಿಗಲಿಲ್ಲ ಅಂತ ದೊಡ್ಡ ಹುಡುಗನ ಜೊತೆ ನಿಲ್ಲಿಸುವುದು. ಟಚ್ ಅಂತ ಶುರುವಾಗಿ ಒಬ್ಬನಿಗೆ ಸಿಟ್ಟು ಬಂದು ಮೂರನೇ ರೌಂಡ್‌ಗೆ ಹೊಡೆದಾಟವಾಗುವುದು. ಅಪ್ಪ ವಿಡಿಯೋ ಮಾಡುತ್ತಾ ಹುರಿದುಂಬಿಸುವುದು. ಸುಸ್ತಾದ ಮೇಲೆ ಇನ್ನೊಂದು ರೌಂಡ್ ಅನ್ನುವುದು. ಸುಸ್ತಾದ ಮಗುವಿನ ಗಾರ್ಡ್ ಇಳಿಯುತ್ತದೆ, ಅದು ಇಳಿದ ಮೇಲಿನ ರೌಂಡ್‌ನಲ್ಲಿ ಕಲಿಯುವುದು ಏನೂ ಇಲ್ಲ.

ಎಂಎಂಎ ಕಲಿಸುವ ಕಡೆ ಇನ್ನೊಂದು ಅಭ್ಯಾಸ ಮೊದಲ ದಿನವೇ ಆಗಬೇಕು, ಅದು ಟ್ಯಾಪ್. ಹಿಡಿತಕ್ಕೆ ಸಿಕ್ಕಾಗ ಎದುರಾಳಿಯ ಮೈ ಮೇಲೆ ಅಥವಾ ನೆಲಕ್ಕೆ ಕೈ ಬಡಿದು ‘ಬಿಡು’ ಅಂತ ಹೇಳುವುದು. ಬೇಗ ಟ್ಯಾಪ್ ಮಾಡಿದ ಮಗುವನ್ನು ಎಲ್ಲರೆದುರು ಶಭಾಷ್ ಅನ್ನುವ ಕೋಚ್ ಸಿಕ್ಕರೆ ಬಿಡಬೇಡಿ.

ಒಂದು ನೋಟ್‌ಬುಕ್ ಇಡಿ. ತಾರೀಖು, ಎಷ್ಟು ರೌಂಡ್, ಯಾರ ಜೊತೆ, ತಲೆಗೆ ಗಟ್ಟಿ ಪೆಟ್ಟು ಬಿತ್ತಾ, ರಾತ್ರಿ ತಲೆನೋವಿತ್ತಾ. ಎರಡು ಸಾಲು ಸಾಕು. ಎರಡು ತಿಂಗಳಾದ ಮೇಲೆ ಹಿಂದಕ್ಕೆ ತಿರುವಿ ನೋಡಿದರೆ ಯಾರ ಜೊತೆ ಸ್ಪಾರ್ ಮಾಡಿದ ದಿನ ತಲೆನೋವು ಬರುತ್ತಿದೆ ಅಂತ ಗೊತ್ತಾಗಿಬಿಡುತ್ತದೆ.

6. ಜೋಡಿ ಸರಿಯಾಗಿದೆಯಾ ನೋಡಿ

ತೂಕ ಒಂದೇ ಇದ್ದರೆ ಸಾಲದು. 14 ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಮೂಡಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ತೂಕದ ಯಂತ್ರದ ಮೇಲೆ ಇಬ್ಬರೂ 48 ಕೆಜಿ, ಪಂಚ್‌ನ ಬಲ ಮಾತ್ರ ಬೇರೆ ಬೇರೆ. ವಯಸ್ಸು, ತೂಕ, ಎತ್ತರ, ಮೈ ಬೆಳೆದಿರುವ ಮಟ್ಟ, ಆಡಿದ ಪಂದ್ಯಗಳ ಸಂಖ್ಯೆ ಎಲ್ಲ ಸೇರಿಸಿ ನೋಡಬೇಕು. ಎದುರಾಳಿ ಎಷ್ಟು ಪಂದ್ಯ ಆಡಿದ್ದಾರೆ ಅಂತ ಕೇಳಿ. ಬೇರೆ ಆಟದಲ್ಲಿ ಆಡಿದ್ದೂ ಲೆಕ್ಕಕ್ಕೆ ಬರಲಿ. ಮುವಾಯ್ ಥಾಯ್‌ನಲ್ಲಿ ಪಳಗಿದವರು ಬಾಕ್ಸಿಂಗ್‌ನಲ್ಲಿ ‘ಹೊಸಬರು’ ಅಂತ ಬಂದು ನಿಲ್ಲುವುದುಂಟು.

ಕೊನೆಯ ಗಳಿಗೆಯಲ್ಲಿ ಎದುರಾಳಿ ಬದಲಾದರೆ ಎಲ್ಲವನ್ನೂ ಮತ್ತೆ ಕೇಳಿ. ಉತ್ತರ ಸಿಗದಿದ್ದರೆ ಆಡಿಸಬೇಡಿ. ದೂರದಿಂದ ಬಂದಿದ್ದೇವೆ, ಖರ್ಚಾಗಿದೆ ಅನ್ನುವುದು ಕಾರಣವೇ ಅಲ್ಲ.

7. ತೂಕ ಇಳಿಸುವುದು: ಮಕ್ಕಳಿಗೆ ಬೇಡ

ವೇಟ್ ಕಟ್ ಅಂದರೆ ಕೆಳಗಿನ ತೂಕದ ವರ್ಗದಲ್ಲಿ ಆಡಲು ಕೆಲವೇ ದಿನಗಳಲ್ಲಿ ಮೈಯ ನೀರು ಇಳಿಸುವುದು. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ, ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಅವರು ಬೆಳೆದ ಯುವಕರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಬೆವರಿಳಿಸುವ ರಬ್ಬರ್ ಸೂಟ್, ಸೌನಾ ನಿಷೇಧವಾದವು, ಮೈಯಲ್ಲಿ ನೀರಿನಂಶ ಪರೀಕ್ಷಿಸುವ ನಿಯಮ ಬಂತು.

ಮಗು ದಿನನಿತ್ಯ ಎಷ್ಟು ತೂಗುತ್ತದೋ ಅದೇ ವರ್ಗದಲ್ಲಿ ಆಡಲಿ. ಬೆಳೆಯುವ ಮಗುವಿನ ತೂಕ ಏರುವುದೇ ಸರಿ. ಕಳೆದ ವರ್ಷದ ವರ್ಗದಲ್ಲೇ ಉಳಿಸುವ ಹಟ ಬೇಡ. ನೀರು ಬಿಡಿಸುವುದು, ಉಗುಳಿಸುವುದು, ಪ್ಲಾಸ್ಟಿಕ್ ಸುತ್ತಿ ಓಡಿಸುವುದು, ಭೇದಿ ಮಾತ್ರೆ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇವೆಲ್ಲ ಅಪಾಯ. ನೀರು ಕಡಿಮೆಯಾದ ಮೈಯಲ್ಲಿ ತಲೆಪೆಟ್ಟು ತಿನ್ನುವುದು ಇನ್ನೂ ಕೆಟ್ಟದ್ದು ಅನ್ನುವ ಅನುಮಾನ ವೈದ್ಯರಲ್ಲಿ ಹಿಂದಿನಿಂದ ಇದೆ.

ಹುಡುಗಿಯರಿಗೆ ಮುಟ್ಟು ನಿಂತರೆ ಅಥವಾ ತಿಂಗಳುಗಟ್ಟಲೆ ತಡವಾದರೆ ಪ್ರಾಕ್ಟೀಸ್‌ಗೆ ತಕ್ಕ ಊಟ ಹೋಗುತ್ತಿಲ್ಲ ಅನ್ನುವುದರ ಗುರುತಾಗಿರಬಹುದು. ‘ಆಟಗಾರ್ತಿಯರಿಗೆ ಹಾಗೇ’ ಅಂತ ಬಿಡಬೇಡಿ, ಡಾಕ್ಟರ್‌ಗೆ ತೋರಿಸಿ. ಎಲುಬು ಸವೆಯುವುದು ಅಲ್ಲಿಂದಲೇ ಶುರು.

8. ಪಂದ್ಯದ ದಿನ

ಹೋದ ಕೂಡಲೇ ಇವನ್ನು ಕಣ್ಣಾರೆ ನೋಡಿ: ರಿಂಗ್ ಪಕ್ಕ ಡಾಕ್ಟರ್, ಆಂಬುಲೆನ್ಸ್, ಸ್ಟ್ರೆಚರ್, ಎಇಡಿ. ಎಇಡಿ ಅಂದರೆ ನಿಂತ ಹೃದಯಕ್ಕೆ ಶಾಕ್ ಕೊಟ್ಟು ಲಯಕ್ಕೆ ತರುವ ಚಿಕ್ಕ ಯಂತ್ರ, ಏನು ಮಾಡಬೇಕು ಅಂತ ಅದೇ ಮಾತಾಡಿ ಹೇಳುತ್ತದೆ. ಇದು ಯಾಕೆ ಬೇಕು ಅಂದರೆ, ಎದೆಯ ನಡುವೆ ಒಂದು ನಿರ್ದಿಷ್ಟ ಕ್ಷಣಕ್ಕೆ ಪೆಟ್ಟು ಬಿದ್ದರೆ ಆರೋಗ್ಯವಂತ ಮಗುವಿನ ಹೃದಯದ ಲಯವೂ ತಪ್ಪಿಬಿಡಬಹುದು. ಇದು ಅಪರೂಪ, ಆದರೆ ಆಗುವುದು ಹೆಚ್ಚಾಗಿ ಈ ವಯಸ್ಸಿನವರಿಗೇ. ಕುಸಿದ ಮಗು ಉಸಿರಾಡುತ್ತಿಲ್ಲ ಅಂದರೆ ಕೂಡಲೇ ಎದೆ ಒತ್ತುವುದು ಶುರುವಾಗಬೇಕು, ಎಇಡಿ ಬರಬೇಕು. ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಸಿಟಿ ಸ್ಕ್ಯಾನ್ ಮತ್ತು ಮೆದುಳಿನ ಶಸ್ತ್ರಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ಡಾಕ್ಟರ್ ಇಲ್ಲ, ‘ಬರ್ತಾರೆ’ ಅಂದರೆ ಬಂದ ಮೇಲೆ ಗ್ಲೋವ್ಸ್ ಕಟ್ಟಿ.

ಕಾರ್ನರ್‌ನಲ್ಲಿ, ಅಂದರೆ ಮಗುವಿನ ಕಡೆಯವರು ನಿಲ್ಲುವ ರಿಂಗ್ ಮೂಲೆಯಲ್ಲಿ, ಯಾರಿರುತ್ತಾರೆ, ಪಂದ್ಯ ನಿಲ್ಲಿಸುವವರು ಯಾರು ಅನ್ನುವುದು ಖಚಿತವಾಗಿರಲಿ. ಟವೆಲ್ ಎಸೆಯಲು ಅಥವಾ ರೆಫರಿಗೆ ಕೂಗಿ ಹೇಳಲು ಅವರು ಒಂದು ಸೆಕೆಂಡೂ ಹಿಂದೆಮುಂದೆ ನೋಡಬಾರದು. ನಿಲ್ಲಿಸಬೇಕಾದ ಗುರುತುಗಳು: ಕಾಲು ತಡವರಿಸುವುದು, ಪೆಟ್ಟು ಬಂದರೂ ಕೈ ಎತ್ತದೇ ಇರುವುದು, ತಿರುಗಿ ಹೊಡೆಯದೆ ಸಾಲಾಗಿ ಪೆಟ್ಟು ತಿನ್ನುವುದು, ಬೆನ್ನು ತಿರುಗಿಸುವುದು, ಅಳುವುದು. ಅಂಕದಲ್ಲಿ ಮುಂದಿದ್ದರೂ ಅಷ್ಟೇ. ಮಗುವಿಗೂ ಒಂದು ಸನ್ನೆ ಹೇಳಿಕೊಟ್ಟಿರಿ, ಆ ಸನ್ನೆ ಮಾಡಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಬೈಯುವುದಿಲ್ಲ ಅನ್ನುವ ಮಾತನ್ನೂ ಕೊಟ್ಟಿರಿ.

ತಲೆ ಬಿಟ್ಟು ಬೇರೆ ಪೆಟ್ಟುಗಳ ಬಗ್ಗೆ ಚಿಕ್ಕದಾಗಿ. ಮಕ್ಕಳ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಮೃದು ಭಾಗ ಇರುತ್ತದೆ. ಹಾಗಾಗಿ ಮಣಿಕಟ್ಟು, ಮೊಣಕೈ, ಮಂಡಿ, ಪಾದದ ಗಂಟಿನ ಹತ್ತಿರ ಒತ್ತಿದರೆ ನೋಯುತ್ತಿದ್ದರೆ ‘ಉಳುಕು’ ಅಂತ ಎಣ್ಣೆ ತಿಕ್ಕಬೇಡಿ, ಎಕ್ಸ್‌ರೇ ತೆಗೆಸಿ. ಹೊಟ್ಟೆಗೆ ಪೆಟ್ಟಾಗಿ ನೋವು ಏರುತ್ತಿದ್ದರೆ, ಮೂತ್ರದಲ್ಲಿ ರಕ್ತ ಬಂದರೆ ಅವತ್ತೇ ಆಸ್ಪತ್ರೆ. ಪೆಟ್ಟಿಗೆ ಶಾಶ್ವತ ಹಲ್ಲು ಉದುರಿದರೆ ಬೇರು ಮುಟ್ಟದೆ ಮೇಲ್ಭಾಗ ಹಿಡಿದು ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರ ಹತ್ತಿರ ಓಡಿ. ಹಾಲುಹಲ್ಲಾದರೆ ಮತ್ತೆ ಕೂರಿಸುವ ಪ್ರಯತ್ನ ಬೇಡ. ಮೈ ಮೇಲೆ ಹುಳುಕಡ್ಡಿ, ಕೀವಿನ ಗುಳ್ಳೆ, ನೀರುಗುಳ್ಳೆ ಇದ್ದರೆ ಗುಣವಾಗುವವರೆಗೆ ಮ್ಯಾಟ್ ಮೇಲೆ ಇಳಿಯಬಾರದು.

9. ತಲೆಗೆ ಪೆಟ್ಟಾಯಿತು: ಮೊದಲ 48 ಗಂಟೆ

ನಿಯಮ ಒಂದೇ. ಅನುಮಾನ ಬಂದರೆ ಹೊರಗೆ ಕೂರಿಸಿ, ಅವತ್ತು ಮತ್ತೆ ಇಳಿಸಬೇಡಿ. ಪ್ರಜ್ಞೆ ತಪ್ಪದಿದ್ದರೂ ಕನ್ಕಶನ್ ಆಗಿರಬಹುದು, ಬಹಳಷ್ಟು ಸಲ ಹಾಗೇ ಆಗುತ್ತದೆ.

ಹತ್ತಿರದಿಂದ ಗಮನಿಸಿ. ರೌಂಡ್ ಮುಗಿದ ಮೇಲೆ ಮಗು ತಪ್ಪು ಕಾರ್ನರ್ ಕಡೆ ನಡೆಯುತ್ತದೆ. ‘ನೀರು ಬೇಕಾ?’ ಅಂದರೆ ಉತ್ತರ ಬರಲು ಒಂದು ಕ್ಷಣ ತಡ. ಗ್ಲೋವ್ಸ್ ಬಿಚ್ಚಲು ಕೈ ಚಾಚು ಅಂದರೆ ಯಾವ ಕೈ ಅಂತ ತಡಕಾಡುತ್ತದೆ. ‘ಯಾರು ಗೆದ್ದಿದ್ದು?’ ಅಂತ ಕೇಳಿ, ಹೇಳಿದ ಮೇಲೆ ಐದು ನಿಮಿಷಕ್ಕೆ ಅದನ್ನೇ ಮತ್ತೆ ಕೇಳುತ್ತದೆ. ಮುಖ ಸಪ್ಪಗೆ, ಕಣ್ಣು ಎಲ್ಲೋ ನೆಟ್ಟ ಹಾಗೆ. ಇವುಗಳಲ್ಲಿ ಒಂದು ಕಂಡರೂ ಸಾಕು. ತಲೆನೋವು, ವಾಕರಿಕೆ, ಬೆಳಕು ಚುಚ್ಚುವುದು, ಮಂಜು ಮಂಜು, ಸುಮ್ಮನೆ ಸಿಟ್ಟು ಅಥವಾ ಅಳು ಕೆಲವು ಗಂಟೆ ಬಿಟ್ಟು, ಒಮ್ಮೊಮ್ಮೆ ಮಾರನೇ ದಿನವೂ ಶುರುವಾಗಬಹುದು.

ಕೇಳಲು ಸುಲಭವಾದ ಪ್ರಶ್ನೆಗಳಿವೆ: ನಾವೀಗ ಎಲ್ಲಿದ್ದೇವೆ? ಇದು ಎಷ್ಟನೇ ರೌಂಡ್? ಹಿಂದಿನ ಪಂದ್ಯ ಯಾರ ಜೊತೆ? ತಪ್ಪಿದರೆ ಹೊರಗೆ. ಎಲ್ಲ ಸರಿ ಹೇಳಿದರೂ ‘ಏನೂ ಆಗಿಲ್ಲ’ ಅಂತ ಅರ್ಥವಲ್ಲ.

ಕೂಡಲೇ ಆಂಬುಲೆನ್ಸ್ ಕರೆಯಬೇಕಾದ ಗುರುತುಗಳು: ಪ್ರಜ್ಞೆ ತಪ್ಪಿದ್ದು, ಫಿಟ್ಸ್, ವಾಂತಿ, ಏರುತ್ತಲೇ ಹೋಗುವ ತಲೆನೋವು, ಎರಡೆರಡು ಕಾಣುವುದು, ಕೈಕಾಲು ಜೋಮು ಅಥವಾ ಶಕ್ತಿ ಇಲ್ಲದಿರುವುದು, ಕತ್ತು ನೋವು, ಮಂಪರು ಹೆಚ್ಚುತ್ತಾ ಎಬ್ಬಿಸಲು ಕಷ್ಟವಾಗುವುದು, ಇದ್ದಕ್ಕಿದ್ದಂತೆ ರಂಪ ಮಾಡುವುದು. ಕತ್ತು ನೋವಿದ್ದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ಉಸಿರಿನ ದಾರಿ ತೆರೆಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅಲುಗಿಸಬೇಡಿ, ಎತ್ತಿ ಕೂರಿಸಬೇಡಿ.

ಮಾಡಬಾರದ್ದು: ಅಮೋನಿಯಾ ಮೂಸಿಸಿ ಎಬ್ಬಿಸಿ ಮತ್ತೆ ರಿಂಗ್‌ಗೆ ಬಿಡುವುದು. ಡಾಕ್ಟರ್‌ಗೆ ಕೇಳದೆ ನೋವಿನ ಮಾತ್ರೆ ಕೊಡುವುದು, ಅದರಲ್ಲೂ ಆಸ್ಪಿರಿನ್ ಅಥವಾ ಐಬುಪ್ರೊಫೇನ್. ಮೊದಲ ಕೆಲವು ಗಂಟೆ ಒಂಟಿಯಾಗಿ ಬಿಡುವುದು. ‘ಸ್ಕ್ಯಾನ್ ನಾರ್ಮಲ್, ಹಾಗಾದ್ರೆ ಏನೂ ಆಗಿಲ್ಲ’ ಅಂದುಕೊಳ್ಳುವುದು. ಸಿಟಿ ಸ್ಕ್ಯಾನ್ ನೋಡುವುದು ರಕ್ತಸ್ರಾವ, ಬಿರುಕುಗಳನ್ನು. ಕನ್ಕಶನ್ ಅದರಲ್ಲಿ ಕಾಣುವುದಿಲ್ಲ.

ಮೊದಲ ಒಂದೆರಡು ದಿನ ವಿಶ್ರಾಂತಿ. ಕತ್ತಲೆ ಕೋಣೆಯಲ್ಲಿ ಮಲಗಿಸಿಡುವ ಹಳೆಯ ಕ್ರಮ ಈಗಿಲ್ಲ. ಮನೆಯೊಳಗೆ ಓಡಾಟ, ಸ್ವಲ್ಪ ನಡಿಗೆ ಸರಿ. ಮೊಬೈಲ್, ಟಿವಿ ಈ 48 ಗಂಟೆ ಆದಷ್ಟು ಕಡಿಮೆ.

10. ಮತ್ತೆ ಜಿಮ್‌ಗೆ ಯಾವಾಗ

2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಕನ್ಕಶನ್ ತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನ ಒಪ್ಪಿದ ಕ್ರಮ ಈಗ ಎಲ್ಲ ಆಟಗಳಿಗೂ ದಾರಿ. ಫೈಟಿಂಗ್‌ಗೆ ಹೊಂದಿಸಿದರೆ ಅದು ಹೀಗೆ: ಮೊದಲು ದಿನನಿತ್ಯದ ಸಣ್ಣ ಓಡಾಟ. ಆಮೇಲೆ ನಡಿಗೆ, ಹಗುರ ಸೈಕ್ಲಿಂಗ್. ಆಮೇಲೆ ಒಬ್ಬರೇ ಮಾಡುವ ಶ್ಯಾಡೋ (ಗಾಳಿಗೆ ಹೊಡೆಯುವ ಅಭ್ಯಾಸ), ಕಾಲಿನ ಕೆಲಸ. ಆಮೇಲೆ ಪ್ಯಾಡ್, ಬ್ಯಾಗ್. ಆಮೇಲೆ ಸ್ಪಾರಿಂಗ್. ಕೊನೆಗೆ ಪಂದ್ಯ. ಒಂದೊಂದು ಮೆಟ್ಟಿಲಿಗೂ ಕನಿಷ್ಠ 24 ಗಂಟೆ. ತೊಂದರೆ ಸ್ಪಷ್ಟವಾಗಿ ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ, ಮಾರನೇ ದಿನ ಮತ್ತೆ ನೋಡಿ. ತಲೆಗೆ ಪೆಟ್ಟು ಬೀಳುವ ಸಾಧ್ಯತೆ ಇರುವ ಮೆಟ್ಟಿಲಿಗೆ ಏರುವ ಮೊದಲು ಎಲ್ಲ ಲಕ್ಷಣ ಪೂರ್ತಿ ಹೋಗಿರಬೇಕು, ಡಾಕ್ಟರ್ ಒಪ್ಪಿರಬೇಕು, ಮಗು ಶಾಲೆಯ ಪೂರ್ತಿ ದಿನವನ್ನು ತೊಂದರೆ ಇಲ್ಲದೆ ಕಳೆಯುತ್ತಿರಬೇಕು. ಶಾಲೆ ಮೊದಲು, ರಿಂಗ್ ಆಮೇಲೆ.

ಬಹುಪಾಲು ಮಕ್ಕಳು ನಾಲ್ಕು ವಾರದೊಳಗೆ ಸುಧಾರಿಸುತ್ತಾರೆ. ಅದಕ್ಕಿಂತ ಜಾಸ್ತಿ ಹಿಡಿದರೆ ತಜ್ಞರಿಗೆ ತೋರಿಸಿ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ತಲೆಪೆಟ್ಟಿನಿಂದ ಪಂದ್ಯ ನಿಂತರೆ ಕನಿಷ್ಠ 30 ದಿನ ಸ್ಪಾರಿಂಗೂ ಇಲ್ಲ, ಪಂದ್ಯವೂ ಇಲ್ಲ ಅನ್ನುವ ಪದ್ಧತಿ ಹಿಂದಿನಿಂದ ಇದೆ. ಮೂರು ತಿಂಗಳಲ್ಲಿ ಎರಡು ಸಲವಾದರೆ 90 ದಿನ, 12 ತಿಂಗಳಲ್ಲಿ ಮೂರು ಸಲವಾದರೆ ಒಂದು ವರ್ಷ. ನಿಮ್ಮ ಆಟದಲ್ಲಿ ಇಂಥ ನಿಯಮ ಇಲ್ಲದಿದ್ದರೂ ಮನೆಯಲ್ಲಿ ಇದನ್ನೇ ಪಾಲಿಸಿ. ಮೆದುಳು ಸುಧಾರಿಸುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅದು ಹಠಾತ್ತಾಗಿ ಊದಿಕೊಂಡು ಜೀವಕ್ಕೇ ಕುತ್ತು ತರಬಹುದು. ಅಪರೂಪವಾದರೂ ಇದು ಕಂಡುಬಂದಿರುವುದು ಹೆಚ್ಚಾಗಿ ಎಳೆಯ ಆಟಗಾರರಲ್ಲೇ.

ಕೋಚ್ ಒಂದು ಹೇಳಿ ಡಾಕ್ಟರ್ ಇನ್ನೊಂದು ಹೇಳಿದರೆ ಡಾಕ್ಟರ್ ಮಾತು ನಡೆಯಲಿ. ಮೊದಲಿಗಿಂತ ಚಿಕ್ಕ ಪೆಟ್ಟಿಗೇ ಲಕ್ಷಣ ಕಾಣಿಸತೊಡಗಿದರೆ, ಸುಧಾರಿಸಲು ಪ್ರತಿ ಸಲವೂ ಜಾಸ್ತಿ ದಿನ ಹಿಡಿಯುತ್ತಿದ್ದರೆ, ಓದಿನಲ್ಲಿ ಗಮನ ಕುಸಿದು ಮತ್ತೆ ಮೇಲೇಳದಿದ್ದರೆ ತಲೆಗೆ ಹೊಡೆತ ಇರುವ ಆಟವನ್ನು ಅಲ್ಲಿಗೇ ನಿಲ್ಲಿಸಿ, ಆ ನೋಟ್‌ಬುಕ್ ಸಮೇತ ನರರೋಗ ತಜ್ಞರನ್ನು ಕಾಣಿ. ಮಗುವಿಗೆ ಜಿಮ್ ಪೂರ್ತಿ ಬಿಡಿಸಬೇಕಾ ಅನ್ನುವುದನ್ನು ಅವರನ್ನೇ ಕೇಳಿ. ಅವರು ಒಪ್ಪಿದರೆ ಪ್ಯಾಡ್ ಕೆಲಸ, ಫಿಟ್ನೆಸ್, ಪೆಟ್ಟಿಲ್ಲದ ಕಾತಾ ಅಥವಾ ಪೂಮ್ಸೆಯಂಥ (ಕರಾಟೆ, ಟೇಕ್ವಾಂಡೋದಲ್ಲಿ ಎದುರಾಳಿ ಇಲ್ಲದೆ ಮಾಡುವ ಚಲನೆಗಳ ಸರಣಿ) ವಿಭಾಗ, ಚಿಕ್ಕವರಿಗೆ ಪ್ಯಾಡ್ ಹಿಡಿಯುವ ಕೆಲಸ ಎಲ್ಲ ಮುಂದುವರಿಯಬಹುದು. ಈ ವಿಷಯವನ್ನು ಮಗುವಿಗೆ ಹೇಳುವಾಗ ಕೋಚ್ ಜೊತೆಗಿರಲಿ. ‘ನಿನ್ನ ಜಾಗ ಇಲ್ಲೇ ಇದೆ’ ಅನ್ನುವ ಮಾತು ಅವರ ಬಾಯಿಂದಲೇ ಬರಲಿ.